ಮಾಲೆಯೋ, ಹುವಧೂವೋ, ಮೆಂತವಾಯಿಯೋ: ಹವಳದಿಬ್ಬದ ಅಲೆಗೆ ದೋಣಿ ಹಿಡಿಯುವ ಮುನ್ನ

ಸರ್ಫರ್‌ಗಳು ಅಲ್ಲೇ ಉಂಡು ಮಲಗಿ ಅಲೆಯಿಂದ ಅಲೆಗೆ ಹೋಗುವ ಸರ್ಫಿಂಗ್ ದೋಣಿಗೆ ಕೊಡುವ ಹಣದಲ್ಲಿ ನೀವು ಮುಖ್ಯವಾಗಿ ಕೊಳ್ಳುವುದು ಒಂದನ್ನೇ: ಗಾಳಿ ತಿರುಗಿದಾಗ ಲಂಗರು ಎತ್ತಿ ಇನ್ನೊಂದು ಜಾಗಕ್ಕೆ ಹೋಗುವ ಅನುಕೂಲ. ಹಾಸಿಗೆ, ಊಟ, ಏಸಿ ದಡದಲ್ಲೂ ಸಿಗುತ್ತವೆ, ಅರ್ಧ ದುಡ್ಡಿಗೇ ಸಿಗುತ್ತವೆ. ಹಾಗಾಗಿ ಯಾವ ದ್ವೀಪಕ್ಕೆ ಹೋಗಬೇಕೆಂದು ಯೋಚಿಸುವಾಗ, ಅಲ್ಲಿ ಓಡಾಡುವುದರಿಂದ ನಿಜಕ್ಕೂ ಲಾಭವಿದೆಯೇ ಎಂದು ಮೊದಲು ಲೆಕ್ಕ ಹಾಕಿ. ಕೆಲವು ಕಡೆ ಆ ಲಾಭ ದೊಡ್ಡದು, ಕೆಲವು ಕಡೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಇಲ್ಲಿ ಹೋಲಿಸುತ್ತಿರುವುದು ಮೂರು ಜಾಗ. ಮಾಲ್ಡೀವ್ಸ್‌ನ ಉತ್ತರ ಮಾಲೆ ಅಟಾಲ್ (ಅಟಾಲ್ ಎಂದರೆ ಉಂಗುರದಾಕಾರದ ಹವಳದ್ವೀಪಗಳ ಸಾಲು), ಅದೇ ದೇಶದ ದಕ್ಷಿಣದಲ್ಲಿರುವ ಹುವಧೂ ಅಟಾಲ್, ಮತ್ತು ಇಂಡೋನೇಷ್ಯಾದ ಸುಮಾತ್ರಾದ ಪಡುವಣಕ್ಕಿರುವ ಮೆಂತವಾಯಿ ದ್ವೀಪಗಳು. ದೇಶದೊಳಗೇ ಆಗಬೇಕು ಎನ್ನುವವರು ಲಿಟಲ್ ಅಂಡಮಾನ್‌ನ ಕುಮಾರಿ ಪಾಯಿಂಟ್ ಹೆಸರು ಎತ್ತುತ್ತಾರೆ. ಒಳ್ಳೆಯ ಅಲೆಯೇ. ಆದರೆ ಪ್ರವಾಸ ಪೂರ್ತಿ ಆ ಒಂದೇ ಅಲೆಯನ್ನು ನೆಚ್ಚಿ ಕೂರಬೇಕಾಗುತ್ತದೆ, ಸುತ್ತಲಿನ ಹಳ್ಳಗಳಲ್ಲಿ ಉಪ್ಪುನೀರಿನ ಮೊಸಳೆಗಳೂ ಇವೆ. ಅದನ್ನು ಈ ಲೆಕ್ಕದಿಂದ ಹೊರಗಿಟ್ಟಿದ್ದೇವೆ.

ಮುಲ್ಕಿಯನ್ನು ಕೆಡಿಸುವ ಗಾಳಿಯೇ ಮಾಲೆಯನ್ನು ಚೊಕ್ಕ ಮಾಡುತ್ತದೆ

ಮುಲ್ಕಿ, ಸಸಿಹಿತ್ಲು ಕಡೆ ಅಲೆ ಹತ್ತಲು ಕಲಿತವರಿಗೆ ಮುಂಗಾರು ಕಟ್ಟಿತೆಂದರೆ ಬೋರ್ಡ್ ಒಳಗಿಡುವ ಕಾಲ. ನಮ್ಮ ಕರಾವಳಿ ಪಡುವಣಕ್ಕೆ ಮುಖ ಮಾಡಿದೆ. ನೈಋತ್ಯದ ಗಾಳಿ ನೇರ ದಡಕ್ಕೇ ನುಗ್ಗಿ ಅಲೆಯ ಬೆನ್ನು ತಳ್ಳುತ್ತದೆ. ಅಲೆ ಎದ್ದು ನಿಲ್ಲುವ ಮೊದಲೇ ಕುಸಿದು ನೊರೆಯಾಗುತ್ತದೆ. ಅದೇ ಗಾಳಿಯನ್ನು ಮಾಲ್ಡೀವ್ಸ್‌ನಲ್ಲಿ ಹುಳಂಗು ಎನ್ನುತ್ತಾರೆ. ಉತ್ತರ ಮಾಲೆ ಅಟಾಲ್‌ನ ಸರ್ಫ್ ಜಾಗಗಳೆಲ್ಲ ಇರುವುದು ಮೂಡಣ ಅಂಚಿನಲ್ಲಿ. ಅಲ್ಲಿಗೆ ಬರುವಷ್ಟರಲ್ಲಿ ಹುಳಂಗು ಅಟಾಲನ್ನು ದಾಟಿ, ದ್ವೀಪದ ಬೆನ್ನಿನಿಂದ ಕಡಲ ಕಡೆಗೆ ಬೀಸುತ್ತಿರುತ್ತದೆ. ಬರುವ ಅಲೆಗೆ ಎದುರಾಗಿ ಬೀಸುವ ಈ ಗಾಳಿ ಅದರ ಮುಖವನ್ನು ಸವರಿ ನಯ ಮಾಡುತ್ತದೆ, ಒಡೆಯುವುದನ್ನು ಒಂದು ಕ್ಷಣ ತಡೆದು ನಿಲ್ಲಿಸುತ್ತದೆ. ಇಲ್ಲಿ ಬೋರ್ಡ್ ಮೂಲೆಗೆ ಸೇರುವ ತಿಂಗಳುಗಳೇ ಅಲ್ಲಿ ಸುಗ್ಗಿ. ಕರ್ನಾಟಕದ ಸರ್ಫರ್‌ಗಳಿಗೆ ಇದಕ್ಕಿಂತ ಒಳ್ಳೆಯ ಹೊಂದಾಣಿಕೆ ಸಿಗಲಾರದು.

ಹುವಧೂವಿನ ಲೆಕ್ಕ ಬೇರೆ. ಅಲ್ಲಿನ ಅಲೆಗಳು ಅಟಾಲ್‌ನ ದಕ್ಷಿಣದ ಅಂಚಿನಲ್ಲಿವೆ. ಹುಳಂಗು ಜೋರಾದ ಜೂನ್, ಜುಲೈನಲ್ಲಿ ಗಾಳಿ ಅಡ್ಡಕ್ಕೆ ಹೊಡೆಯುತ್ತದೆ. ಅದಕ್ಕೇ ಅಲ್ಲಿ ಫೆಬ್ರುವರಿಯಿಂದ ಏಪ್ರಿಲ್, ಮತ್ತೆ ಸೆಪ್ಟೆಂಬರ್‌ನಿಂದ ನವೆಂಬರ್ ಎನ್ನುವ ಎರಡು ಕಿಟಕಿಗಳನ್ನು ಹಿಡಿಯಬೇಕು. ಒಂದು ಮಾರುತ ಹೋಗಿ ಇನ್ನೊಂದು ಬರುವ ಸಂಧಿಕಾಲ ಅದು, ಗಾಳಿ ಸಡಿಲವಾಗಿರುತ್ತದೆ. ಜುಲೈ ರಜೆಗೆ ಹುವಧೂ ದೋಣಿ ಅಗ್ಗಕ್ಕೆ ಸಿಕ್ಕರೆ ಅಗ್ಗವೇಕೆ ಎನ್ನುವುದಕ್ಕೆ ಇದೇ ಉತ್ತರ.

ಮೆಂತವಾಯಿ ಸಮಭಾಜಕ ವೃತ್ತದ ಪಕ್ಕದಲ್ಲೇ ಇದೆ. ಅಲ್ಲಿ ಗಾಳಿ ಬಹುಪಾಲು ಮಂದ, ಆದರೆ ಯಾವ ದಿಕ್ಕಿನಿಂದ ಬೀಸೀತೆಂದು ಹೇಳಲಾಗದು. ಬೆಳಿಗ್ಗೆ ಕನ್ನಡಿಯಂತಿರುವ ನೀರು ಹನ್ನೊಂದಕ್ಕೆ ಕದಡಬಹುದು, ಒಂದು ಮಳೆ ಬಿದ್ದು ಮೂರು ಗಂಟೆಗೆ ಮತ್ತೆ ತಿಳಿಯಾಗಬಹುದು. ಹಂಗಾಮು ಏಪ್ರಿಲ್‌ನಿಂದ ಅಕ್ಟೋಬರ್. ಜೂನ್‌ನಿಂದ ಆಗಸ್ಟ್ ಅಲೆ ದೊಡ್ಡದು, ಜನವೂ ಹೆಚ್ಚು. ದೋಣಿಯ ಬೆಲೆ ಪೂರ್ತಿ ದಕ್ಕುವುದು ಈ ಊರಿನಲ್ಲೇ.

ಒಂದೇ ಮೂಲ, ಬೇರೆ ಬೇರೆ ದೂರ

ಮೂರೂ ಕಡೆಗೆ ಸ್ವೆಲ್, ಅಂದರೆ ದೂರದ ಕಡಲಲ್ಲಿ ಹುಟ್ಟಿ ಸಾಗಿ ಬರುವ ಅಲೆಗಳ ಸಾಲು, ಬರುವುದು ದಕ್ಷಿಣ ಗೋಳಾರ್ಧದ 40 ಡಿಗ್ರಿ ಅಕ್ಷಾಂಶದಾಚೆಯ ಚಂಡಮಾರುತಗಳಿಂದ. ಮುನ್ಸೂಚನೆಯಲ್ಲಿ ಅಲೆಯ ಎತ್ತರಕ್ಕಿಂತ ಮೊದಲು ನೋಡಬೇಕಾದದ್ದು ಅವಧಿ, ಅಂದರೆ ಒಂದು ಅಲೆಗೂ ಮುಂದಿನದಕ್ಕೂ ಇರುವ ಸೆಕೆಂಡುಗಳು. 16 ಸೆಕೆಂಡಿನ ಸ್ವೆಲ್ ಆಳದ ಕಡಲಲ್ಲಿ ಗಂಟೆಗೆ ಸುಮಾರು 45 ಕಿಲೋಮೀಟರ್ ಸಾಗುತ್ತದೆ, ದಿನಕ್ಕೆ ಸಾವಿರದ ಚಿಲ್ಲರೆ. ಮಾರುತ 5,000 ಕಿಲೋಮೀಟರ್ ದೂರದಲ್ಲಿದ್ದರೆ ನಿಮ್ಮನ್ನು ಮುಟ್ಟಲು ನಾಲ್ಕೂವರೆ ದಿನ. ಎಂದರೆ ದೋಣಿಯ ನಾಯಕನಿಗೆ ನಾಲ್ಕು ದಿನ ಮೊದಲೇ ಗೊತ್ತಿರುತ್ತದೆ. ಅವನ ಜೊತೆ ದಿನಾ ಸಂಜೆ ಕೂತು ನಾಳಿನ ಜಾಗ ಮಾತಾಡಿಕೊಳ್ಳಿ.

ಆದರೆ ದೋಣಿಯ ತಾರೀಖನ್ನು ನೀವು ಆರು ತಿಂಗಳು ಮೊದಲೇ ಕಾದಿರಿಸಿರುತ್ತೀರಿ. ಆಗ ಕೈಯಲ್ಲಿರುವ ಒಂದೇ ಉಪಾಯ ದಿನಗಳನ್ನು ಹೆಚ್ಚಿಸುವುದು. ಹಂಗಾಮಿನಲ್ಲಿ ಒಳ್ಳೆಯ ಸ್ವೆಲ್ ಸಾಮಾನ್ಯವಾಗಿ ವಾರ, ಹತ್ತು ದಿನಕ್ಕೊಮ್ಮೆ ಏರಿಳಿಯುತ್ತದೆ. ಮೆಂತವಾಯಿಗೆ 10ರಿಂದ 12 ರಾತ್ರಿ ಹೋದರೆ ಒಂದಾದರೂ ಏರು ಸಿಗುವ ಸಂಭವ ದೊಡ್ಡದು. 7 ರಾತ್ರಿಯ ಪ್ರವಾಸದಲ್ಲಿ ಎರಡು ಏರುಗಳ ನಡುವಿನ ಹಳ್ಳಕ್ಕೇ ಬಿದ್ದುಬಿಡಬಹುದು. ಮಾಲ್ಡೀವ್ಸ್‌ನಲ್ಲಿ ಸ್ವೆಲ್ ಇನ್ನಷ್ಟು ದೂರ ಬಂದು ದಣಿದಿರುತ್ತದೆ. ಸಾಮಾನ್ಯ ದಿನಗಳಲ್ಲಿ 3ರಿಂದ 5 ಅಡಿ. ಮೆಂತವಾಯಿಯಲ್ಲಿ 4ರಿಂದ 6 ಅಡಿ ದಿನದ ಮಾತು, 8 ಅಡಿ ಬಂದರೆ ಅಚ್ಚರಿಯಿಲ್ಲ. ಈ ಎರಡು ಅಡಿಯ ವ್ಯತ್ಯಾಸ ಬರೆಯಲು ಚಿಕ್ಕದು, ಹವಳದ ಮೇಲೆ ಹಾಗಲ್ಲ.

ಮಾಲೆ: ಇಲ್ಲಿ ದೋಣಿಯಲ್ಲಿ ಮಲಗಬೇಡಿ

ಮಾಲ್ಡೀವ್ಸ್‌ನ ಸರ್ಫಿಂಗ್ ಕತೆ ಶುರುವಾಗಿದ್ದೇ ಒಡೆದ ಹಡಗಿನಿಂದ. 1973ರಲ್ಲಿ ಆಸ್ಟ್ರೇಲಿಯಾದ ಟೋನಿ ಹಿಂಡ್ ಇದ್ದ ಹಾಯಿ ಹಡಗು ಇಲ್ಲಿನ ಹವಳದಿಬ್ಬಕ್ಕೆ ಬಡಿಯಿತು. ಆತ ಇಲ್ಲೇ ನೆಲೆಸಿ, ಟೋನಿ ಹುಸೇನ್ ಹಿಂಡ್ ಆಗಿ, 2008ರಲ್ಲಿ ಪಾಸ್ತಾ ಪಾಯಿಂಟ್‌ನಲ್ಲಿ ಅಲೆ ಹತ್ತಿದ ದಿನವೇ ತೀರಿಕೊಂಡರು. ಆ ಪಾಸ್ತಾ ಪಾಯಿಂಟ್ ಇಂದು ರೆಸಾರ್ಟ್ ಅತಿಥಿಗಳಿಗೆ ಮೀಸಲು. ಉಳಿದವು ಹೊರಗಿನವರಿಗೂ ಸಿಗುತ್ತವೆ.

ತುಲುಸ್ಧೂ ದ್ವೀಪದ ಕೋಕ್ಸ್ ರೈಟ್ ಅಲೆ, ಅಂದರೆ ಸವಾರನ ಬಲಕ್ಕೆ ಓಡುವಂಥದ್ದು. ಊರಿನ ಕೋಕಾ-ಕೋಲಾ ಕಾರ್ಖಾನೆಯಿಂದ ಬಂದ ಹೆಸರು. ಅದರೆದುರು, ಕಾಲುವೆಯಾಚೆ, ಹಳೆಯ ಕೋಳಿ ಫಾರ್ಮ್‌ನ ಹೆಸರಿನ ಚಿಕನ್ಸ್, ಉದ್ದನೆಯ ಲೆಫ್ಟ್. ತೆಂಕಣಕ್ಕೆ ಹಿಮ್ಮಫುಶಿಯ ಜೈಲ್‌ಬ್ರೇಕ್ಸ್. ಪಕ್ಕದ ತಂಬುರುಧೂ ದ್ವೀಪದ ಒಂದು ಬದಿ ಸುಲ್ತಾನ್ಸ್ ರೈಟ್, ಇನ್ನೊಂದು ಬದಿ ಹಾಂಕೀಸ್ ಲೆಫ್ಟ್. ಹೊಸಬರಿಗೆ ನಿಂಜಾಸ್ ಎಂಬ ಅಲೆ ಮೆತ್ತಗಿದೆ, ಕೋಕ್ಸ್ ಮೆತ್ತಗಿಲ್ಲ.

ಇವೆಲ್ಲ ಸಣ್ಣ ದೋಣಿಯಲ್ಲಿ ಕೆಲವು ನಿಮಿಷದಿಂದ ಒಂದು ಗಂಟೆಯೊಳಗಿನ ದೂರ. ಅಲ್ಲಿನವರೂ ಆ ದೋಣಿಗೆ ಧೋನಿ ಎಂದೇ ಹೇಳುತ್ತಾರೆ, ಕಿವಿಗೆ ನಮ್ಮ ಮಾತೇ. ತುಲುಸ್ಧೂ ಅಥವಾ ಹಿಮ್ಮಫುಶಿಯಲ್ಲಿ ಅತಿಥಿಗೃಹ ಹಿಡಿದರೆ ದಿನಕ್ಕೆರಡು ಸಲ ಧೋನಿ ಹತ್ತಿ ಬೇಕಾದ ಜಾಗಕ್ಕೆ ಹೋಗಿಬರಬಹುದು. ಗಾಳಿ ತಿರುಗಿದರೂ ಎಲ್ಲ ಜಾಗಗಳಿಗೂ ಒಂದೇ ಥರ ತಿರುಗುತ್ತದೆ, ಎಲ್ಲವೂ ಮೂಡಣಕ್ಕೇ ಇವೆಯಲ್ಲ. ಓಡಾಡುವುದರಿಂದ ಲಾಭವಿಲ್ಲದ ಕಡೆ ಓಡಾಟಕ್ಕೆ ಯಾಕೆ ದುಡ್ಡು? ಮೊದಲ ಸಲ ಹವಳದಿಬ್ಬಕ್ಕೆ ಹೋಗುವ ಕನ್ನಡದ ಸರ್ಫರ್‌ಗೆ ನಮ್ಮ ನೇರ ಸಲಹೆ ಇದೇ: ಏಪ್ರಿಲ್ ಅಥವಾ ಸೆಪ್ಟೆಂಬರ್, ತುಲುಸ್ಧೂ, ದಡದ ಕೋಣೆ, ಒಂದು ವಾರ.

ಜನವಸತಿಯ ದ್ವೀಪಗಳಲ್ಲಿ ಮದ್ಯ ಸಿಗುವುದಿಲ್ಲ, ಊರೊಳಗೆ ಮೈ ಮುಚ್ಚುವ ಬಟ್ಟೆ ಬೇಕು, ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಅಂಗಡಿ, ದೋಣಿ ಎರಡೂ ನಿಲ್ಲುತ್ತವೆ.

ಹುವಧೂ: ಬಲಕ್ಕೆ ಓಡುವವರ ಊರು

ಮಾಲೆಯಿಂದ ದೇಶೀ ವಿಮಾನದಲ್ಲಿ ಒಂದು ಗಂಟೆಯ ಆಸುಪಾಸು. ಸಫಾರಿ ದೋಣಿಗಳು ಹಂಗಾಮಿನಲ್ಲಿ ಅಲ್ಲೇ ಇರುತ್ತವೆ, ಜೊತೆಗೊಂದು ಧೋನಿ ಅಲೆಯ ಬಳಿಗೆ ಒಯ್ಯುತ್ತದೆ. ದ್ವೀಪಗಳ ನಡುವಿನ ಕಾಲುವೆಗಳ ಬಾಯಲ್ಲಿ ಅಲೆಗಳಿವೆ: ಬೀಕನ್ಸ್, ಕ್ಯಾಸ್ಟವೇಸ್, ಬ್ಲೂ ಬೌಲ್ಸ್, ಫೈವ್ ಐಲ್ಯಾಂಡ್ಸ್ ಎಲ್ಲ ರೈಟ್. ಟೈಗರ್ ಸ್ಟ್ರೈಪ್ಸ್, ಲವ್ ಚಾರ್ಮ್ಸ್ ಲೆಫ್ಟ್. ಬೀಕನ್ಸ್ ಇವುಗಳಲ್ಲಿ ಬಿರುಸಿನದು, ನೀರು ಆಳವಿಲ್ಲ.

ಎಡಗಾಲು ಮುಂದಿಟ್ಟು ನಿಲ್ಲುವ ರೆಗ್ಯುಲರ್ ಸವಾರರ ಗುಂಪಿಗೆ ಇದು ಹಬ್ಬ. ರೈಟ್ ಅಲೆಯಲ್ಲಿ ಅವರ ಮುಖ ನೀರಿನ ಗೋಡೆಯ ಕಡೆಗಿರುತ್ತದೆ. ಬಲಗಾಲು ಮುಂದಿಡುವ ಗೂಫಿ ಸವಾರರು ಹೆಚ್ಚಿದ್ದರೆ ವಾರವೆಲ್ಲ ಗೋಡೆಗೆ ಬೆನ್ನು ಹಾಕಿ ಓಡಬೇಕಾಗುತ್ತದೆ. ಹವಳದ ಮೇಲೆ ಬೆನ್ನು ಹಾಕಿ ಮೊದಲ ಇಳಿತ ಇಳಿಯುವುದು ಕಷ್ಟದ ಕೆಲಸ. ಗುಂಪಿನಲ್ಲಿ ಯಾರ ಕಾಲು ಯಾವುದು ಎಂದು ದುಡ್ಡು ಕಟ್ಟುವ ಮೊದಲೇ ಎಣಿಸಿಕೊಳ್ಳಿ.

ಹುವಧೂವಿನಲ್ಲಿ ದಡದ ವಸತಿಯೂ ಇದೆ. ಆದರೆ ಒಂದು ದ್ವೀಪದಿಂದ ಒಂದೆರಡು ಅಲೆಗಳಷ್ಟೇ ಹತ್ತಿರ. ಕಾಲುವೆಗಳು ಚದುರಿವೆ, ಗಾಳಿ ಸ್ವಲ್ಪ ಓರೆಯಾದರೂ ಒಂದು ಕೆಟ್ಟು ಇನ್ನೊಂದು ಚೆನ್ನಾಗುತ್ತದೆ. ಇಲ್ಲಿ ದೋಣಿಗೆ ಕೊಟ್ಟ ಹಣ ಕೆಲಸ ಮಾಡುತ್ತದೆ.

ಮೆಂತವಾಯಿ: ಲಂಗರು ಎತ್ತುವುದೇ ಇಲ್ಲಿನ ವಿದ್ಯೆ

ಉತ್ತರದಿಂದ ದಕ್ಷಿಣಕ್ಕೆ ಸಿಬೆರುತ್, ಸಿಪೋರಾ, ಉತ್ತರ ಪಗಾಯಿ, ದಕ್ಷಿಣ ಪಗಾಯಿ. ಪಡಾಂಗ್ ಊರಿನಿಂದ ಸಂಜೆ ಹೊರಟ ದೋಣಿ 10ರಿಂದ 12 ಗಂಟೆ ಜಲಸಂಧಿ ದಾಟಿ ಬೆಳಗಿಗೆ ಮೊದಲ ಅಲೆ ಮುಟ್ಟುತ್ತದೆ. ರಾತ್ರಿ ಗುಡುಗು ಮಳೆ ಸಾಮಾನ್ಯ. ವಾಂತಿಯ ಮಾತ್ರೆಯನ್ನು ದೋಣಿ ಬಂದರು ಬಿಡುವ ಒಂದು ಗಂಟೆ ಮೊದಲೇ ನುಂಗಬೇಕು, ತಲೆ ತಿರುಗಲು ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಸಿಪೋರಾದ ದಕ್ಷಿಣ ತುದಿಯನ್ನು ಹತ್ತಿರದಿಂದ ನೋಡಿದರೆ ದೋಣಿ ಯಾಕೆ ಬೇಕೆಂದು ತಿಳಿಯುತ್ತದೆ. ಕಟಿಯೆತ್ ಹಳ್ಳಿಯ ಮುಂದೆ ಲ್ಯಾನ್ಸಸ್ ರೈಟ್ ಇದೆ. 1991ರಲ್ಲಿ ಅಲ್ಲಿಗೆ ಬಂದ ಆಸ್ಟ್ರೇಲಿಯಾದ ಲ್ಯಾನ್ಸ್ ನೈಟ್ ಹೆಸರು ಅದಕ್ಕೆ. ತುದಿಯನ್ನು ಸುತ್ತಿ ಆಚೆ ಹೋದರೆ ಲ್ಯಾನ್ಸಸ್ ಲೆಫ್ಟ್. ಒಂದೇ ನೆಲದ ಎರಡು ಬದಿ. ಒಂದರಲ್ಲಿ ಗಾಳಿ ಕಡಲಿನಿಂದ ದಡಕ್ಕೆ ನುಗ್ಗಿ ಕೆಟ್ಟ ಹೊತ್ತಿನಲ್ಲಿ ಇನ್ನೊಂದರಲ್ಲಿ ಅದೇ ಗಾಳಿ ದಡದಿಂದ ಕಡಲ ಕಡೆಗೆ ಬೀಸುತ್ತಿರುತ್ತದೆ. ನಾಯಕ ಚುರುಕಾಗಿದ್ದರೆ ಊಟದ ತಟ್ಟೆ ಎತ್ತುವಷ್ಟರಲ್ಲಿ ಜಾಗ ಬದಲಾಗಿರುತ್ತದೆ. ಲ್ಯಾನ್ಸಸ್ ರೈಟ್‌ನ ಒಳತುದಿಯಲ್ಲಿ ಹವಳ ಮೊಣಕಾಲಿನಷ್ಟು ನೀರಿನಡಿ ಚಪ್ಪಟೆಯಾಗಿ ಹರಡಿದೆ. ಅದಕ್ಕೆ ಸರ್ಜನ್ಸ್ ಟೇಬಲ್ ಎನ್ನುತ್ತಾರೆ, ಆಪರೇಷನ್ ಮೇಜು. ಅಲೆ ಅಲ್ಲಿಗೆ ತಲುಪುವ ಮೊದಲೇ ಅದರ ಬೆನ್ನಿನ ಮೇಲಿಂದ ಹೊರಬಂದುಬಿಡಬೇಕು. ಇನ್ನೂ ಎರಡು ತಿರುವು ಸಿಕ್ಕೀತೆಂಬ ಆಸೆಗೆ ಮುಂದುವರಿದವರೇ ಹೆಚ್ಚಾಗಿ ಹೊಲಿಗೆ ಹಾಕಿಸಿಕೊಳ್ಳುವುದು.

ಉತ್ತರದ ಪ್ಲೇಗ್ರೌಂಡ್ಸ್ ಪ್ರದೇಶದಲ್ಲಿ ಅಲೆಗಳು ಒತ್ತೊತ್ತಾಗಿವೆ. ಬರ್ಗರ್‌ವರ್ಲ್ಡ್, ಬೆಂಗ್ ಬೆಂಗ್ಸ್ ಸುಲಭ. ನಿಪುಸ್ಸಿ, ಪಿಟ್‌ಸ್ಟಾಪ್ಸ್ ನಡುವಿನವು. ರೈಫಲ್ಸ್, ಕಂಡೂಯಿ, ಬ್ಯಾಂಕ್ ವಾಲ್ಟ್ಸ್ ಪಳಗಿದವರಿಗೆ ಮಾತ್ರ. ದಡದ ಕ್ಯಾಂಪುಗಳು ಹೆಚ್ಚಿರುವುದೂ ಇಲ್ಲೇ. ಪಡಾಂಗ್‌ನಿಂದ ತುವಾಪೆಜಾತ್‌ಗೆ ವೇಗದ ಫೆರಿ ನಾಲ್ಕು ಗಂಟೆಯೊಳಗೆ ಒಯ್ಯುತ್ತದೆ, ಅಲ್ಲಿಂದ ಕ್ಯಾಂಪಿನವರ ಸ್ಪೀಡ್‌ಬೋಟ್. ಮೆಂತವಾಯಿಯಲ್ಲಿ ದಡದಲ್ಲೇ ಉಳಿಯುವುದಾದರೆ ಪ್ಲೇಗ್ರೌಂಡ್ಸ್ ಬಿಟ್ಟು ಬೇರೆಡೆ ಯೋಚಿಸಬೇಡಿ. ಗಾಳಿ ತಿರುಗಿದರೂ ಅರ್ಧ ಗಂಟೆಯಲ್ಲಿ ಮೂರ್ನಾಲ್ಕು ಬದಲಿ ಜಾಗ ಸಿಗುವುದು ಅಲ್ಲಿ ಮಾತ್ರ.

ದಕ್ಷಿಣಕ್ಕೆ ಉತ್ತರ ಪಗಾಯಿಯ ಮ್ಯಾಕರೋನೀಸ್. ಈ ಲೆಫ್ಟ್ ಅಲೆಯನ್ನು ಯಂತ್ರದಲ್ಲಿ ಎರಕ ಹೊಯ್ದಂತಿದೆ ಎನ್ನುವುದು ಅತಿಶಯವಲ್ಲ. ಉಬ್ಬರ ಇಳಿತ ಯಾವುದಿದ್ದರೂ ಒಂದೇ ಆಕಾರದಲ್ಲಿ ಸುರುಳಿ ಬಿಚ್ಚುತ್ತದೆ. ಅಲ್ಲಿ ದೋಣಿ ಕಟ್ಟಲು ಮುಂಗಡ ಜಾಗ ಕಾದಿರಿಸಬೇಕು. ನಿಮ್ಮ ದೋಣಿಗೆ ಆ ಕಾದಿರಿಸುವಿಕೆ ಎಷ್ಟು ದಿನಕ್ಕೆ ಇದೆ ಎಂದು ಬರಹದಲ್ಲಿ ಕೇಳಿ. "ನೋಡೋಣ" ಎಂದರೆ ಇಲ್ಲ ಎಂದೇ ಅರ್ಥ. ಇನ್ನೂ ಕೆಳಗೆ ದಕ್ಷಿಣ ಪಗಾಯಿ ಕಡೆಯ ಥಂಡರ್ಸ್, ರ‍್ಯಾಗ್ಸ್, ಗ್ರೀನ್‌ಬುಷ್. ಅಲ್ಲಿ ದಡದ ವಸತಿ ವಿರಳ, ಜನ ಕಡಿಮೆ, ಸ್ವೆಲ್ ದೊಡ್ಡದು. ಗುಂಪಿನ ಎಲ್ಲರೂ ಗಟ್ಟಿಗರಾಗಿದ್ದರೆ ಮಾತ್ರ ನಾಯಕನಿಗೆ ದಕ್ಷಿಣಕ್ಕೆ ಹೋಗೋಣ ಎನ್ನಿ.

ಗುಂಪಿನಲ್ಲಿ ಅತಿ ಕಡಿಮೆ ಕಲಿತವರು ಯಾರೋ ಅವರೇ ದೋಣಿಯ ದಾರಿ ನಿರ್ಧರಿಸುತ್ತಾರೆ, ಒಪ್ಪಿದರೂ ಒಪ್ಪದಿದ್ದರೂ. ಎಂಟು ಜನರಲ್ಲಿ ಇಬ್ಬರಿಗೆ ಸುಲಭದ ಅಲೆ ಬೇಕಿದ್ದರೆ ಆರು ಜನ ದಿನಗಟ್ಟಲೆ ಬರ್ಗರ್‌ವರ್ಲ್ಡ್‌ನಲ್ಲಿ ಕೂರಬೇಕಾದೀತು. ಅಂಥ ಮಿಶ್ರ ಗುಂಪಿಗೆ ಮಾಲೆಯೇ ಸರಿ: ಇಬ್ಬರು ನಿಂಜಾಸ್‌ಗೆ, ಆರು ಜನ ಕೋಕ್ಸ್‌ಗೆ, ಸಂಜೆ ಒಂದೇ ಮೇಜಿನಲ್ಲಿ ಊಟ.

ಮರಳಿನಿಂದ ಹವಳಕ್ಕೆ

ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಅಳಿವೆಯ ಮರಳು ದಿಬ್ಬದ ಮೇಲೆ ಕಲಿತವರಿಗೆ ಹವಳದಿಬ್ಬ ಮೊದಲ ದಿನ ಗಾಬರಿ ಹುಟ್ಟಿಸುತ್ತದೆ. ಮರಳಿನ ಇಳಿಜಾರು ನಿಧಾನ. ಅಲೆ ತಳ ಉಜ್ಜುತ್ತಾ ವೇಗ ಕಳೆದುಕೊಂಡು ಬರುತ್ತದೆ. ಹವಳದಿಬ್ಬದಲ್ಲಿ ತುಂಬ ಆಳದ ನೀರು ಇದ್ದಕ್ಕಿದ್ದಂತೆ ಎರಡು ಮೀಟರ್ ಆಗುತ್ತದೆ. ಅಲೆ ತನ್ನ ವೇಗದಲ್ಲೇ ಬಂದು ಮುಗ್ಗರಿಸಿ ಎದ್ದು ನಿಲ್ಲುತ್ತದೆ, ಎದ್ದು ನಿಲ್ಲಲು ನಿಮಗೆ ಸಿಗುವ ಹೊತ್ತು ಅರ್ಧಕ್ಕಿಳಿಯುತ್ತದೆ. ಒಡೆಯದ ಹಸಿರು ಅಲೆಯನ್ನು ಹತ್ತರಲ್ಲಿ ಎಂಟು ಸಲ ಹಿಡಿಯಬಲ್ಲಿರಾ, ಓರೆಯಾಗಿ ಇಳಿಯಬಲ್ಲಿರಾ, ನಿಲ್ಲಿಸದೆ 20 ನಿಮಿಷ ಕೈ ಹೊಡೆಯಬಲ್ಲಿರಾ, ಬರುವ ನೊರೆಯಡಿ ಬೋರ್ಡ್ ಸಮೇತ ಮುಳುಗಿ ದಾಟಬಲ್ಲಿರಾ? ನಾಲ್ಕಕ್ಕೂ ಹೌದಾದರೆ ಮಾಲೆಗೆ ಹೊರಡಿ. ತಲೆಗಿಂತ ಎತ್ತರದ ಅಲೆಯಲ್ಲಿ ಇವನ್ನೇ ಮಾಡುವವರೆಗೆ ಮೆಂತವಾಯಿ ಬೇಡ.

ಹವಳದ ಒಂದು ದೊಡ್ಡ ಉಪಕಾರ, ಅದು ಜಾಗ ಬದಲಿಸುವುದಿಲ್ಲ. ಅಲೆ ಒಡೆಯುವ ಬಿಂದು ದಿನಾ ಅದೇ. ಕಾಲುವೆಯಲ್ಲಿ ಕೂತು ಮೊದಲ ಹತ್ತು ನಿಮಿಷ ನೋಡಿ, ದಡದ ಒಂದು ತೆಂಗಿನ ಮರ ಮತ್ತು ಅದರ ಹಿಂದಿನ ಒಂದು ಗುರುತನ್ನು ಒಂದೇ ಗೆರೆಗೆ ತಂದಿಟ್ಟುಕೊಳ್ಳಿ. ಆ ಗೆರೆ ತಪ್ಪಿದರೆ ಹರಿವು ನಿಮ್ಮನ್ನು ಜರುಗಿಸಿದೆ ಎಂದರ್ಥ. ಬಿದ್ದರೆ ಚಪ್ಪಟೆಯಾಗಿ, ಕೈಕಾಲು ಹರಡಿ ಬೀಳಿ. ತಲೆ ಮುಂದಾಗಿ ಧುಮುಕುವುದು, ಕಾಲೂರಿ ನಿಲ್ಲಲು ನೋಡುವುದು, ಎರಡೂ ಬೇಡ. ಮೇಲೇಳುವಾಗ ತೋಳುಗಳಿಂದ ತಲೆ ಮುಚ್ಚಿಕೊಳ್ಳಿ.

ಸಣ್ಣ ದೋಣಿಯಿಂದ ಇಳಿಯುವುದು, ಹತ್ತುವುದು ಕಾಲುವೆಯ ಆಳದ ನೀರಿನಲ್ಲೇ. ಎಂಜಿನ್ ನ್ಯೂಟ್ರಲ್‌ಗೆ ಬಂದಿದೆ ಎಂದು ಚಾಲಕ ಕೈ ಎತ್ತಿದ ಮೇಲಷ್ಟೇ ಹಿಂಬದಿಗೆ ಹೋಗಿ. ಬೋರ್ಡನ್ನು ಕಾಲಿಗೆ ಕಟ್ಟುವ ಲೀಶ್ ಹಗ್ಗ ಎಂಜಿನ್ನಿನ ಪ್ರೊಪೆಲರ್ ರೆಕ್ಕೆಗೆ ಸುತ್ತಿಕೊಳ್ಳುವ ಅಪಾಯ ನಿಜವಾದದ್ದು.

ಪೆಟ್ಟಾದರೆ ಎಷ್ಟು ಹೊತ್ತು

ತುಲುಸ್ಧೂವಿನಿಂದ ಮಾಲೆಗೆ ಸ್ಪೀಡ್‌ಬೋಟ್‌ನಲ್ಲಿ ಅರ್ಧ ಗಂಟೆ ಚಿಲ್ಲರೆ. ಭಾರತದ ನೆರವಿನಿಂದ ಕಟ್ಟಿದ ಇಂದಿರಾ ಗಾಂಧಿ ಸ್ಮಾರಕ ಆಸ್ಪತ್ರೆ ಅಲ್ಲಿದೆ. ಹುವಧೂವಿನಲ್ಲಿ ತಿನಧೂವಿನ ಪ್ರಾದೇಶಿಕ ಆಸ್ಪತ್ರೆ, ಅದಕ್ಕೂ ಮೇಲಾದರೆ ಮಾಲೆಗೆ ವಿಮಾನ. ಮೆಂತವಾಯಿಯ ದಕ್ಷಿಣದಿಂದ ಪಡಾಂಗ್‌ಗೆ ಒಂದು ಇಡೀ ರಾತ್ರಿಯ ಪಯಣ. ತಲೆಗೆ, ಬೆನ್ನುಮೂಳೆಗೆ ಪೆಟ್ಟಾದಾಗ ಈ ವ್ಯತ್ಯಾಸಕ್ಕೆ ಸಮನಾದದ್ದು ಬೇರೊಂದಿಲ್ಲ. ವಿಮೆ ಕೊಳ್ಳುವಾಗ "ಸರ್ಫಿಂಗ್ ಸೇರಿದೆಯೇ, ಕಡಲಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯೇ" ಎಂಬ ಎರಡು ಪ್ರಶ್ನೆಗೆ ಬರಹದ ಉತ್ತರ ಪಡೆಯಿರಿ. ಸಾಹಸ ಕ್ರೀಡೆ ಹೊರತುಪಡಿಸಿ ಎಂಬ ಸಾಲು ಅನೇಕ ಪಾಲಿಸಿಗಳಲ್ಲಿ ಸಣ್ಣಕ್ಷರದಲ್ಲಿರುತ್ತದೆ.

ಮಲೇರಿಯಾ ಇನ್ನೊಂದು ಗೆರೆ. ಮಾಲ್ಡೀವ್ಸ್ 2015ರಲ್ಲಿ ಮಲೇರಿಯಾಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಪ್ರಮಾಣಿತವಾಗಿದೆ. ಮೆಂತವಾಯಿಯಲ್ಲಿ ಅದು ಹಳ್ಳಿಗಳನ್ನು ಹಿಂಡಿದ ರೋಗ. ಅಲ್ಲಿಗೆ ಅಲೆ ಹುಡುಕಿ ಬಂದ ನ್ಯೂಜಿಲೆಂಡಿನ ವೈದ್ಯ ಡೇವ್ ಜೆಂಕಿನ್ಸ್ ಆ ಸ್ಥಿತಿ ನೋಡಿ 2000ದಲ್ಲಿ ಸರ್ಫ್‌ಏಡ್ ಸಂಸ್ಥೆ ಕಟ್ಟಿದರು. ಡಾಕ್ಟರನ್ನು ಕಂಡು ಮುಂಜಾಗ್ರತೆಯ ಮಾತ್ರೆ ಬರೆಸಿಕೊಳ್ಳಿ. ಡಾಕ್ಸಿಸೈಕ್ಲಿನ್ ಅಗ್ಗ, ಆದರೆ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ವಾಪಸ್ ಬಂದ ಮೇಲೂ ನಾಲ್ಕು ವಾರ ನುಂಗಬೇಕು. ಅಟೊವಾಕ್ವೋನ್-ಪ್ರೊಗ್ವಾನಿಲ್ ದುಬಾರಿ, ಬಂದ ಮೇಲೆ ಏಳು ದಿನ ಸಾಕು. ದಿನಕ್ಕೆ ಆರು ಗಂಟೆ ಬಿಸಿಲಲ್ಲಿರುವವರಿಗೆ ಎರಡನೆಯದಕ್ಕೆ ದುಡ್ಡು ಹಾಕುವುದು ಲೇಸು.

ಭೂಕಂಪದ ಮಾತೂ ಬೇಕು. 2010ರ ಅಕ್ಟೋಬರ್ 25ರ ರಾತ್ರಿ ಪಗಾಯಿ ಕರಾವಳಿಗೆ ಸುನಾಮಿ ಬಂದು ನಾನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಮ್ಯಾಕರೋನೀಸ್ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ದೋಣಿಗಳು ಒಂದಕ್ಕೊಂದು ಬಡಿದು ಬೆಂಕಿ ಹತ್ತಿತು. ಆ ಕಂಪನ ಜೋರಾಗಿರಲಿಲ್ಲ, ಮೆಲ್ಲಗೆ ತುಂಬ ಹೊತ್ತು ನಡೆಯಿತು, ಅದಕ್ಕೇ ಅನೇಕರು ಓಡಲಿಲ್ಲ. ದಡದಲ್ಲಿದ್ದಾಗ ನಡುಕ ಮೆಲ್ಲಗಿದ್ದರೂ ಒಂದು ನಿಮಿಷ ಮೀರಿತೆಂದರೆ ಎತ್ತರಕ್ಕೆ ಓಡಿ. ದೋಣಿಯಲ್ಲಿದ್ದರೆ ಕೊಲ್ಲಿ ಬಿಟ್ಟು ಆಳಕ್ಕೆ ಹೋಗುವ ಯೋಜನೆ ಏನೆಂದು ನಾಯಕನನ್ನು ಮೊದಲ ದಿನವೇ ಕೇಳಿ.

ದೋಣಿಯನ್ನು ಕೇಳಬೇಕಾದದ್ದು

ಫೋಟೋದ ಡೆಕ್ ಮೇಲಿನ ಕುರ್ಚಿ ನೋಡಿ ಮರುಳಾಗಬೇಡಿ. ಅಲೆಯ ಬಳಿಗೆ ಒಯ್ಯುವ ಸಣ್ಣ ದೋಣಿಗಳು ಎಷ್ಟು? ಹತ್ತು ಜನಕ್ಕೆ ಒಂದೇ ಇದ್ದು ಅದರ ಎಂಜಿನ್ ಕೆಟ್ಟರೆ ಪ್ರವಾಸ ಅಲ್ಲಿಗೆ ನಿಂತಂತೆ. ಉಪಗ್ರಹ ಫೋನ್, ಅಪಾಯದ ಸಂಕೇತ ಬಿಡುವ ಇಪಿರ್ಬ್, ಎಲ್ಲರನ್ನೂ ಹೊರುವ ಲೈಫ್ ರಾಫ್ಟ್, ಆಮ್ಲಜನಕ, ಬೆನ್ನುಮೂಳೆ ಕಟ್ಟುವ ಹಲಗೆ ಇವೆಯೇ? ಸಿಹಿನೀರು ತಯಾರಿಸುವ ಯಂತ್ರವಿದೆಯೋ, ಟ್ಯಾಂಕಿನಲ್ಲಿ ಹೊತ್ತ ನೀರೋ? ಟ್ಯಾಂಕಿನದಾದರೆ ಐದನೆಯ ದಿನ ಸ್ನಾನಕ್ಕೆ ರೇಷನ್ ಬರುತ್ತದೆ, ಗಾಯ ತೊಳೆಯಲೂ ನೀರು ಕೊಡಲು ಹಿಂಜರಿಯುತ್ತಾರೆ.

ರಾತ್ರಿ ಯಾರು ಎಚ್ಚರವಿರುತ್ತಾರೆ ಎಂಬುದನ್ನು ತಪ್ಪದೆ ಕೇಳಿ. 2019ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಡೈವಿಂಗ್ ದೋಣಿಯೊಂದರಲ್ಲಿ ಬೆಂಕಿ ಹತ್ತಿದಾಗ ಕಾವಲು ಸುತ್ತುವವರಿರಲಿಲ್ಲ, ಕೆಳ ಅಂತಸ್ತಿನಲ್ಲಿ ಮಲಗಿದ್ದ 34 ಜನ ಸತ್ತರು. ಕೆಳಗಿನ ಕೋಣೆಗೆ ಎರಡನೆಯ ದಾರಿ ಎಲ್ಲಿದೆ ಎಂದು ಹತ್ತಿದ ತಕ್ಷಣ ನೋಡಿ, ಒಂದು ಸಲ ಕತ್ತಲಲ್ಲಿ ತೆವಳಿ ಹೊರಬನ್ನಿ. ಕ್ಯಾಮೆರಾ, ಡ್ರೋನ್ ಬ್ಯಾಟರಿಗಳನ್ನು ಹಾಸಿಗೆ ಪಕ್ಕ ಚಾರ್ಜಿಗೆ ಹಾಕಿ ಮಲಗಬೇಡಿ.

ಸಸ್ಯಾಹಾರಿಗಳು ಬರಿಯ "ವೆಜ್" ಎಂದರೆ ಸಾಲದು. ಇಂಡೋನೇಷ್ಯಾದ ಸಾಂಬಲ್‌ನಲ್ಲಿ ತೆರಾಸಿ ಎಂಬ ಸಿಗಡಿ ಪೇಸ್ಟ್ ಇರುತ್ತದೆ, ಮಾಲ್ಡೀವ್ಸ್‌ನಲ್ಲಿ ಒಣ ಸೂರೆ (ಟ್ಯೂನಾ) ಮೀನಿನ ಚೂರು ತೆಂಗಿನ ತುರಿಯೊಂದಿಗೇ ಬೆರೆತಿರುತ್ತದೆ. ಹೆಸರು ಹಿಡಿದು ಬೇಡವೆನ್ನಿ. ಅವಲಕ್ಕಿ, ಚಟ್ನಿಪುಡಿ ಒಯ್ದರೆ ಎರಡನೇ ವಾರಕ್ಕೆ ಇಡೀ ದೋಣಿ ನಿಮ್ಮ ಡಬ್ಬಿಯ ಸುತ್ತ ಇರುತ್ತದೆ.

ದುಡ್ಡು

ಹಂಚಿಕೊಂಡು ಹೋಗುವ ದೋಣಿಯಲ್ಲಿ ತಲೆಗೆ ರಾತ್ರಿಗೆ ಸುಮಾರು 200ರಿಂದ 400 ಡಾಲರ್, ಮೆಂತವಾಯಿ ಮೇಲ್ತುದಿಗೆ, ಮಾಲ್ಡೀವ್ಸ್ ಕೆಳತುದಿಗೆ ವಾಲುತ್ತದೆ. ತುಲುಸ್ಧೂವಿನ ಕೋಣೆ ಸುಮಾರು 60ರಿಂದ 120 ಡಾಲರ್, ಧೋನಿ ಬಾಡಿಗೆ ಬೇರೆ. ಮಾಲ್ಡೀವ್ಸ್‌ನ ಬೆಲೆಪಟ್ಟಿಯಲ್ಲಿ ಅಂಕಿಯ ಮುಂದೆ ಎರಡು ಕೂಡಿಸುವ ಚಿಹ್ನೆ ಕಂಡರೆ 10 ಶೇಕಡಾ ಸೇವಾಶುಲ್ಕ, ಅದರ ಮೇಲೆ 17 ಶೇಕಡಾ ತೆರಿಗೆ ಬರಲಿದೆ ಎಂದರ್ಥ. 1,000 ಡಾಲರ್ ಎಂದದ್ದು 1,287 ಆಗುತ್ತದೆ. ಜೊತೆಗೆ ಹಸಿರು ತೆರಿಗೆ: 2025ರಿಂದ ಸಫಾರಿ ದೋಣಿಯಲ್ಲಿ ದಿನಕ್ಕೆ 12 ಡಾಲರ್, ಸಣ್ಣ ಅತಿಥಿಗೃಹದಲ್ಲಿ 6. ಮೆಂತವಾಯಿಯಲ್ಲಿ ಸರ್ಫರ್‌ಗಳು ಸ್ಥಳೀಯ ಸರ್ಕಾರಕ್ಕೆ ಕಟ್ಟುವ ತೆರಿಗೆ ಪ್ಯಾಕೇಜಿನಲ್ಲಿ ಸೇರಿದೆಯೇ ಎಂದು ಕೇಳಿ. ಇಂಡೋನೇಷ್ಯಾಕ್ಕೆ ಬಂದಿಳಿದಾಗ ಪಡೆಯುವ ವೀಸಾಕ್ಕೆ 5,00,000 ರುಪಿಯಾ. ಮಾಲ್ಡೀವ್ಸ್‌ನಲ್ಲಿ ಪುಕ್ಕಟೆ, ಆದರೆ ಹೊರಡುವ ಮೊದಲಿನ 96 ಗಂಟೆಯೊಳಗೆ ಆನ್‌ಲೈನ್ ಘೋಷಣೆ ತುಂಬಬೇಕು.

ಪಡಾಂಗ್‌ಗೆ ಬೆಂಗಳೂರಿನಿಂದ ಸಾಮಾನ್ಯವಾಗಿ ಕ್ವಾಲಾಲಂಪುರ ಅಥವಾ ಜಕಾರ್ತಾ ಮೂಲಕ. ದೋಣಿ ಹೊರಡುವ ಹಿಂದಿನ ದಿನವೇ ತಲುಪಿ. ವಿಮಾನ ಬದಲಿಸುವ ಊರಿನಲ್ಲಿ ಬೋರ್ಡ್ ಚೀಲ ಹಿಂದುಳಿಯುವುದು ದಿನನಿತ್ಯದ ಕತೆ, ದೋಣಿ ಕಾಯುವುದಿಲ್ಲ. ಮಾಲೆಯಲ್ಲಾದರೆ ಚೀಲ ಮರುದಿನ ಸ್ಪೀಡ್‌ಬೋಟ್‌ನಲ್ಲಿ ಬಂದು ಸೇರುತ್ತದೆ.

ಬೋರ್ಡಿನ ಗಾಯ, ಮೈಯ ಗಾಯ

ಮೂರು ಬೋರ್ಡ್ ಒಯ್ಯಿರಿ: ದಿನದ್ದು, ಅದಕ್ಕಿಂತ ಎರಡರಿಂದ ನಾಲ್ಕು ಇಂಚು ಉದ್ದನೆಯದು, ಸಣ್ಣ ಅಲೆಗೊಂದು. ಮೂರು ಲೀಶ್, ಬೋರ್ಡಿನಡಿಯ ರೆಕ್ಕೆಗಳಾದ ಫಿನ್ ಎರಡು ಜೊತೆ, ಫಿನ್ ಕೀಲಿ ಎರಡು. ಕಾಲು ಜಾರದಂತೆ ಬೋರ್ಡಿಗೆ ಹಚ್ಚಲು, ಬಿಸಿನೀರಿನ ಕಡಲಿಗೆಂದೇ ಇರುವ ಟ್ರಾಪಿಕಲ್ ಮೇಣ.

ಬೋರ್ಡ್ ಒಡೆದರೆ ಮೊದಲು ಸಿಹಿನೀರಲ್ಲಿ ತೊಳೆದು, ರಂಧ್ರ ಕೆಳಮುಖವಾಗುವಂತೆ ನೆರಳಲ್ಲಿ ನಿಲ್ಲಿಸಿ. ಬಿಸಿಲಲ್ಲಿಟ್ಟರೆ ಒಳಗಿನ ತೇವ ಕಾದು ಉಬ್ಬಿ ಫೈಬರ್ ಪದರವನ್ನೇ ಎಬ್ಬಿಸುತ್ತದೆ. ಪೂರ್ತಿ ಒಣಗಿದ ಮೇಲೆ 80 ನಂಬರಿನ ಉಪ್ಪುಕಾಗದದಲ್ಲಿ ಅಂಚು ಉಜ್ಜಿ, ಸೂರ್ಯನ ಬೆಳಕಿಗೆ ಗಟ್ಟಿಯಾಗುವ ರಾಳವನ್ನು ನೆರಳಲ್ಲೇ ತುಂಬಿ, ಮೇಲೆ ಫೈಬರ್ ತುಂಡು ಹಚ್ಚಿ, ಆಮೇಲೆ ಬಿಸಿಲಿಗೆ ತನ್ನಿ. ಐದು ನಿಮಿಷದಲ್ಲಿ ಕಲ್ಲಾಗುತ್ತದೆ. ಒಳಗಿನ ಫೋಮ್ ಇಪಿಎಸ್ (ಥರ್ಮಾಕೋಲ್ ಥರದ್ದು) ಆಗಿದ್ದರೆ ಪಾಲಿಯೆಸ್ಟರ್ ರಾಳ ಅದನ್ನು ಕರಗಿಸಿ ತಿನ್ನುತ್ತದೆ, ಎಪಾಕ್ಸಿಯೇ ಬೇಕು. ನಿಮ್ಮ ಬೋರ್ಡ್ ಯಾವುದೆಂದು ಮನೆಯಲ್ಲೇ ತಿಳಿದು ಅದರ ಟ್ಯೂಬ್ ಒಯ್ಯಿರಿ.

ಹವಳ ಕೊಯ್ದ ಗಾಯ ಚಿಕ್ಕದಾಗಿ ಕಂಡರೂ ಒಳಗೆ ಸುಣ್ಣದ ಚೂರು, ಜೀವಾಣು ಉಳಿದಿರುತ್ತವೆ. ಕುಡಿಯುವ ನೀರು ಒಂದು ಲೀಟರ್ ಸುರಿದು, ಸೋಪು ಹಚ್ಚಿದ ಹೊಸ ಮೆತ್ತನೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಕಣ್ಣಲ್ಲಿ ನೀರು ಬರುತ್ತದೆ, ನಿಲ್ಲಿಸಬೇಡಿ. ಕಂಡ ಚೂರುಗಳನ್ನು ಚಿಮ್ಮಟದಿಂದ ತೆಗೆದು, ನೀರು ಬೆರೆಸಿದ ಪೊವಿಡೋನ್ ಅಯೋಡಿನ್ ಹಚ್ಚಿ, ಒಣಗಿಸಿ, ಮುಲಾಮು ಸವರಿ ಮುಚ್ಚಿ. ನಿಂಬೆರಸ ಹಿಂಡುವ ರೂಢಿಯಿದೆ, ಅದರಿಂದ ಚರ್ಮ ಸುಡುತ್ತದೆ, ಚೂರು ಹೊರಬರುವುದಿಲ್ಲ. ಮರುದಿನ ಕಡಲಿಗಿಳಿದರೆ ಬಂದ ಕೂಡಲೇ ಇದೇ ಕ್ರಮ ಮತ್ತೆ. ಗಾಯದಿಂದ ಕೆಂಪು ಗೆರೆ ಮೇಲೇರಿದರೆ, ಜ್ವರ ಬಂದರೆ, ಊತ ಗಂಟೆಗಂಟೆಗೆ ಹೆಚ್ಚಿದರೆ ಡಾಕ್ಟರು ಮೊದಲೇ ಬರೆದುಕೊಟ್ಟ ಆಂಟಿಬಯೋಟಿಕ್ ಶುರುಮಾಡಿ, ದೋಣಿಯನ್ನು ಬಂದರಿನ ಕಡೆ ತಿರುಗಿಸಲು ಹೇಳಿ. ಧನುರ್ವಾಯು ಚುಚ್ಚುಮದ್ದು ಹಾಕಿಸಿ ಐದು ವರ್ಷ ಕಳೆದಿದ್ದರೆ ಹೊರಡುವ ತಿಂಗಳು ಮೊದಲೇ ಹಾಕಿಸಿಕೊಳ್ಳಿ.